ಮನೆಯಲ್ಲಿ ಕಟ್ಟಿದ್ದು ಎಂಬ ರಿಯಾಯಿತಿ

ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನಲ್ಲಿ ವೀರಭದ್ರ ದೇವರ ಗುಡ್ಡವಿದೆ, ಹತ್ತಿರದಲ್ಲೇ ತುಂಗಭದ್ರೆ. ಆ ಊರಿನ ಗೆಳೆಯನೊಬ್ಬ ತಾನೇ ಕಟ್ಟಿದ ಗಿಟಾರ್ ಆಂಪ್ಲಿಫೈಯರ್ ಕೇಳಿಸಲು ಕರೆದಿದ್ದ. ಜಾತ್ರೆಗಳ ರಸಮಂಜರಿ ಕಾರ್ಯಕ್ರಮಗಳಲ್ಲಿ ನುಡಿಸುವವನು. ಪ್ಲೈವುಡ್ ಪೆಟ್ಟಿಗೆ, 12 ಇಂಚಿನ ಗಿಟಾರ್ ಸ್ಪೀಕರ್, ಒಳಗೆ ಐದು ಕಾಲಿನ ಟಿಡಿಎ 2030 ಐಸಿ, ಅದರ ಬೆನ್ನಿಗೆ ಅಲ್ಯೂಮಿನಿಯಂ ಹೀಟ್‌ಸಿಂಕ್. 14 ವ್ಯಾಟಿನ ಆಸುಪಾಸು.

ಗಿಟಾರ್ ಸೊಗಸಾಗಿ ಕೇಳಿತು. ಆಮೇಲೆ ಓಣಿಯ ಹಿರಿಯರೊಬ್ಬರು ಅದಕ್ಕೇ ಮೈಕ್ ಸಿಕ್ಕಿಸಿ ತತ್ವಪದ ಹಾಡಿದರು. ದನಿ ಮನೆ ತುಂಬಿತು, ಮಾತು ಮಾತ್ರ ಒಂದೂ ತಿಳಿಯಲಿಲ್ಲ. ನನ್ನ ಮುಖ ನೋಡಿ ಪಕ್ಕದವರು ಸಮಾಧಾನ ಹೇಳಿದರು: “ಮನ್ಯಾಗ ಮಾಡಿದ್ದಲ್ರೀ, ಇಷ್ಟು ಬಂದದ್ದ ದೊಡ್ಡದು.”

ನನ್ನ ತಕರಾರು ಈ ಮಾತಿನ ಮೇಲೆ. ಹಳ್ಳಿಯಿಂದ ಬಂದ ಮೊದಲ ಸಂಕಲನಕ್ಕೂ ನಾವು ಇದೇ ಬೆನ್ನುಡಿ ಬರೆಯುತ್ತೇವೆ. ಅದು ಮೆಚ್ಚುಗೆಯ ಬಟ್ಟೆ ತೊಟ್ಟ ಉಪೇಕ್ಷೆ. ಗೆಳೆಯನ ಪೆಟ್ಟಿಗೆಯ ದೋಷಕ್ಕೂ ಅದು ಮನೆಯಲ್ಲಿ ತಯಾರಾದದ್ದಕ್ಕೂ ಸಂಬಂಧವೇ ಇರಲಿಲ್ಲ. ಬೆಸುಗೆ ಅಚ್ಚುಕಟ್ಟಾಗಿತ್ತು, ಗುಂಯ್‌ಗುಡುವಿಕೆ ಇರಲಿಲ್ಲ. (ಮನೆಯ ಕರೆಂಟು 50 ಹರ್ಟ್ಸ್, ಡಯೋಡ್ ಸೇತುವೆ ದಾಟಿದ ಮೇಲೆ ಅದು 100 ಹರ್ಟ್ಸಿನ ಗುಂಗಾಗುತ್ತದೆ. ಕೆಪಾಸಿಟರಿಗೆ ಜಿಪುಣತನ ಮಾಡಿದವರ ಮನೆಯಲ್ಲಿ ಅದು ತಂಬೂರಿಯಂತೆ ಕೂತಿರುತ್ತದೆ.)

ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದರೆ ಬಹುಮಟ್ಟಿಗೆ ಮೂಕ. ವಿದ್ಯುತ್ ಗಿಟಾರಿನ ಕರ್ಕಶ ಅಲ್ಲಿಯೇ ಸೋಸಿಹೋಗುವುದರಿಂದ ಅದು ಗುಣ. ಆದರೆ ನಮ್ಮ ‘ಸ’ಕಾರದ ಉಸಿರು ಇರುವುದೂ ಬಹುಪಾಲು ಅಲ್ಲಿಯೇ. ಮೇಲಾಗಿ ಗೆಳೆಯ ಒಂದಕ್ಕೊಂದು ಎದುರಾಗಿ ಎರಡು ಸಿಲಿಕಾನ್ ಡಯೋಡ್ ಕೂರಿಸಿದ್ದ. ಅವು ಅಲೆಯ ತಲೆಯನ್ನು 0.6-0.7 ವೋಲ್ಟಿನಲ್ಲಿ ಕತ್ತರಿಸುತ್ತವೆ. ತಂತಿಯ ನಾದಕ್ಕೆ ಅದರಿಂದ ಖಾರ ಬರುತ್ತದೆ, ಅಕ್ಷರಕ್ಕೆ ಗಾಯ.

ಈ ಖಾರ ಹುಟ್ಟಿದ್ದೂ ಒಂದು ಕೆಟ್ಟ ಯಂತ್ರದಿಂದಲೇ. 1960ರ ದಶಕದ ಶುರುವಿನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೋವೊಂದರಲ್ಲಿ ಧ್ವನಿಮುದ್ರಣದ ವೇಳೆ ಉಪಕರಣ ಕೆಟ್ಟು ಗಿಟಾರ್ ಗೊರಗೊರ ಎಂದಿತು. ಕೇಳಿದವರಿಗೆ ಅದೇ ಹಿಡಿಸಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಗೊರಗೊರವನ್ನು ಬೇಕೆಂದಾಗ ಬರುವಂತೆ ಟ್ರಾನ್ಸಿಸ್ಟರುಗಳಲ್ಲಿ ಕಟ್ಟಿದ. 1962ರಲ್ಲಿ ‘ಮಾಸ್ಟ್ರೋ ಫಜ್ ಟೋನ್’ ಮಾರುಕಟ್ಟೆಗೆ ಬಂತು. ಯಾರೂ ಅದಕ್ಕೆ ರಿಯಾಯಿತಿ ಕೊಡಲಿಲ್ಲ; ಕಿವಿಗೊಟ್ಟು ಕೇಳಿ, ಎಲ್ಲಿ ಸಲ್ಲುತ್ತದೆ ಎಂದು ನೋಡಿದರು, ಅಷ್ಟೇ.

ಹಾಗೆ ಕೇಳುವ ಕಿವಿ ಈ ಸೀಮೆಗೆ ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಸ್ವರ ಕೂದಲೆಳೆಯಷ್ಟು ಜಾರಿದರೂ ಹಿಡಿಯುವ ಕೇಳುಗರು ಇಲ್ಲಿದ್ದಾರೆ. ಅವರೇ ಆಂಪ್ಲಿಫೈಯರಿನ ಮುಂದೆ ಮಾತ್ರ ಯಾಕೆ ಸುಮ್ಮನಾಗುತ್ತಾರೋ. ಯಂತ್ರದ ವಿಷಯ ನಮ್ಮದಲ್ಲ ಎಂಬ ಅಳುಕಿರಬೇಕು.

ನಾನು ಗೆಳೆಯನಿಗೆ ನೇರ ಹೇಳಿದೆ: ಇದು ಒಳ್ಳೆಯ ಗಿಟಾರ್ ಆಂಪ್ಲಿಫೈಯರ್, ಹಾಡಿಗೆ ಕೆಟ್ಟದ್ದು. ಅವನಿಗೆ ಸ್ವಲ್ಪ ಸಿಟ್ಟು ಬಂತು. ಮುಂದಿನ ಸಲ ಹೋದಾಗ ಡಯೋಡುಗಳನ್ನು ತಪ್ಪಿಸುವ ಸ್ವಿಚ್ಚೊಂದು ಬಂದಿತ್ತು. ಅದೇ ಹಿರಿಯರು ಹಾಡಿದರು. ಅರ್ಧದಷ್ಟು ಮಾತು ತಿಳಿಯಿತು. ಸ್ಪೀಕರ್ ಇನ್ನೂ ಬದಲಾಗಬೇಕು.