ಎರೆ ಮಣ್ಣು ಮೆತ್ತಿದ ಚಕ್ರ

ಈ ವಾರ ಅಲಾಯ್ ವ್ಹೀಲುಗಳ ಬಗ್ಗೆ ಬರೆಯುತ್ತೇನೆಂದಿದ್ದೆ. ಅದನ್ನು ಮುಂದಕ್ಕೆ ಹಾಕುತ್ತೇನೆ, ಮಳೆ ಬಿದ್ದಿದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹೊಲದ ದಾರಿಯಲ್ಲಿ ಹೋಗಿಬಂದ ಕಾರುಗಳಿಗೆಲ್ಲ ಈಗ ನಡುಕ. ಸಿಂದಗಿಯಿಂದ ವಿಜಯಪುರದ ಹೆದ್ದಾರಿ ಹಿಡಿದು ಎಂಬತ್ತು ದಾಟಿಸಿ ನೋಡಿ, ಸ್ಟೇರಿಂಗ್ ಗಡಗಡ ಎನ್ನುತ್ತದೆ. ಮಾಲೀಕರ ಸವಾರಿ ನೇರ ಅಲೈನ್‌ಮೆಂಟ್ ಅಂಗಡಿಗೆ.

ಈ 'ಎಲ್ಲದಕ್ಕೂ ಅಲೈನ್‌ಮೆಂಟ್' ಪಂಥದವರ ಜೊತೆ ನನ್ನದು ಹಳೇ ಜಗಳ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರಿನ ಅಂಚು ಸವೆಯುತ್ತದೆ. ವೇಗಕ್ಕೆ ಹುಟ್ಟುವ ನಡುಕ ಬಹುಪಾಲು ಬ್ಯಾಲೆನ್ಸಿಂಗಿನದು. ನಮ್ಮ ಸೀಮೆಯಲ್ಲಂತೂ ಮೊದಲ ಆರೋಪಿ ಎರೆ ಮಣ್ಣು. ಹಸಿಯಿದ್ದಾಗ ರಿಮ್ಮಿನ ಒಳಮೈಗೆ ಮೆತ್ತಿಕೊಂಡು, ಮರುದಿನದ ಬಿಸಿಲಿಗೆ ಕಲ್ಲಾಗುತ್ತದೆ. ವಾಷಿಂಗ್ ಮಾಡುವ ಹುಡುಗ ಹೊರಮೈ ಫಳಫಳ ಮಾಡಿ ಕೈ ತೊಳೆದುಕೊಳ್ಳುತ್ತಾನೆ. ಒಳಗೆ ಒಂದೇ ಕಡೆ 50 ಗ್ರಾಂ ಮಣ್ಣು ಉಳಿದರೂ ಸಾಕು. ಸಾಧಾರಣ ಗಾತ್ರದ ಚಕ್ರ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹದಿನಾಲ್ಕು-ಹದಿನೈದು ಸುತ್ತು ಹಾಕುವಾಗ ಆ ಹೆಂಟೆ ಹೆಚ್ಚುಕಡಿಮೆ 8 ಕಿಲೋ ತೂಕದಷ್ಟು ಜಗ್ಗುತ್ತದೆ. ನಲವತ್ತರಲ್ಲಿ ಅದೇ ಜಗ್ಗಾಟ ಒಂದೂಕಾಲು ಕಿಲೋ ಆಸುಪಾಸು. ಊರೊಳಗೆ ಗೊತ್ತಾಗದ್ದು ಹೆದ್ದಾರಿಯಲ್ಲಿ ಗೊತ್ತಾಗುವುದು ಅದಕ್ಕೇ.

ಮಣ್ಣನ್ನು ನೆನೆಸಿ, ಮರದ ಚಕ್ಕೆಯಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿ ಕೆರೆಯುವ ಶೂರರು ರಿಮ್ಮಿಗೆ ಅಂಟಿಸಿದ ತೂಕದ ಪಟ್ಟಿಯನ್ನೂ ಕಿತ್ತು ಬರುತ್ತಾರೆ.

ತೊಳೆದ ಮೇಲೂ ನಡುಕ ಹೋಗದಿದ್ದರೆ ಅದು ಎಲ್ಲಿ, ಯಾವಾಗ ಎಂದು ಗಮನಿಸಿ. ಸೀಟು ನಡುಗಿದರೆ ಹಿಂದಿನ ಚಕ್ರ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಡಿಸ್ಕ್ ನೋಡಿ. ನಿಧಾನಕ್ಕೂ ಗಾಡಿ ಕುಂಟುತ್ತಿದ್ದರೆ ಟೈರು ಎಲ್ಲೋ ಉಬ್ಬಿರಬಹುದು. ಅದಕ್ಕೆ ರಿಪೇರಿಯಿಲ್ಲ, ಬದಲಿಸುವುದೇ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿದ ದಾರಿಯ ಗುಂಡಿಗಳು ಲೋವರ್ ಆರ್ಮ್ ಬುಷ್‌ಗಳನ್ನೂ ತಿನ್ನುತ್ತವೆ. ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ ಎಡಬಲ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಟೈರಾಡ್ ಎಂಡ್ ಮೇಲೆ ಅನುಮಾನ. ಮೇಲೆ-ಕೆಳಗೆ ಹಿಡಿದಾಗ ಅಂದರೆ ಬಾಲ್ ಜಾಯಿಂಟು ಇಲ್ಲವೇ ಬೇರಿಂಗು. ಈ ಸಡಿಲ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟು ನಿಲ್ಲುವುದಿಲ್ಲ.

ಬ್ಯಾಲೆನ್ಸಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ರಿಮ್ಮಿನ ಮಣ್ಣು ತೆಗೆಯದೆ ಮಷೀನಿಗೆ ಏರಿಸಿದರೆ, ಆ ಮಣ್ಣು ಉದುರಿದ ದಿನ ನಡುಕ ಮತ್ತೆ ಶುರು. ಅಂಥ ಅಂಗಡಿಗೆ ದುಡ್ಡು ಕೊಡಬೇಡಿ.