ಮುಡಿಯುವ ಕಿರೀಟ

ಯಾವುದೋ ತಂಡ ಪಂದ್ಯ ಗೆದ್ದ ಮರುದಿನದ ಪತ್ರಿಕೆಯಲ್ಲಿ ‘ಪ್ರಶಸ್ತಿ ಮುಡಿಗೇರಿಸಿಕೊಂಡರು’ ಎಂಬ ಸಾಲು ಇದ್ದೇ ಇರುತ್ತದೆ. ಸವೆದುಹೋದ ಮಾತು. ಆದರೂ ಮೂಗಿನ ಹತ್ತಿರ ಹಿಡಿದರೆ ಮಲ್ಲಿಗೆಯ ವಾಸನೆ ಇನ್ನೂ ಇದೆ.

ಮುಡಿ ಎಂದರೆ ಕೂದಲು, ಅದರಲ್ಲೂ ಎತ್ತಿ ಕಟ್ಟಿದ ಕೂದಲು. ಅದಕ್ಕೆ ಹೂ ಸಿಕ್ಕಿಸಿದರೆ ಮುಡಿಯುವುದು. ತಿರುಪತಿಯಲ್ಲಿ ಕೊಟ್ಟು ಬರುವುದೂ ಮುಡಿಯೇ. ದೇವರ ಹೆಸರು ಹೇಳಿ ಗಂಟು ಕಟ್ಟಿ ತೆಗೆದಿಟ್ಟ ಕಾಣಿಕೆ ಮುಡಿಪು. ಕರಾವಳಿಯಲ್ಲಂತೂ ಬೈಹುಲ್ಲಿನಲ್ಲಿ ಬಿಗಿದ ಅಕ್ಕಿಯ ದುಂಡನೆಯ ಮೂಟೆಗೂ ಇದೇ ಹೆಸರು. ಎಲ್ಲದರೊಳಗೂ ಒಂದು ಗಂಟು, ಒಂದು ಬಿಗಿತ. ಈ ಗಂಟೇ ತಮಿಳಿನಲ್ಲಿ ಅರಸನ ಕಿರೀಟವೂ ಆಯಿತು.

ಕಿರೀಟ, ಮುಕುಟ ಸಂಸ್ಕೃತದ ಪದಗಳು. ಅಮರಕೋಶ ಎರಡನ್ನೂ ಒಂದೇ ಕಡೆ ಕೂರಿಸುತ್ತದೆ. ನನ್ನ ಕಿವಿಗೆ ‘ಕಿರೀಟ’ದಲ್ಲಿ ಲೋಹದ ಸದ್ದಿದೆ, ಅದನ್ನು ತಂದು ತಲೆಯ ಮೇಲಿಡಬೇಕು. ಮುಡಿ ತಲೆಯಿಂದಲೇ ಎದ್ದದ್ದು. ಶಿಲ್ಪಿಗೂ ಇದು ಗೊತ್ತು. ವಿಷ್ಣುವಿಗೆ ನೀಳವಾದ ಕಿರೀಟಮಕುಟ ಕೆತ್ತುವ ಕೈಯೇ ಶಿವನಿಗೆ ಬರಿಯ ಜಡೆಯನ್ನು ಸುತ್ತಿ ನಿಲ್ಲಿಸಿ ಜಟಾಮಕುಟ ಎನ್ನುತ್ತದೆ. ಗುಲಗಂಜಿಯಷ್ಟು ಚಿನ್ನವಿಲ್ಲ, ಮಕುಟ ಮಾತ್ರ ಪೂರ್ತಿ.

ನಮ್ಮಲ್ಲಿ ಮುಡಿ ಎಂಬ ಪದ ರತ್ನ ತೊಟ್ಟು ನಿಂತಿರುವುದು ಮೇಲುಕೋಟೆಯಲ್ಲಿ. ಚೆಲುವನಾರಾಯಣನ ವೈರಮುಡಿ. ‘ವೈರ’ದಲ್ಲಿ ಹಗೆತನವೇನೂ ಇಲ್ಲ, ಸಂಸ್ಕೃತದ ವಜ್ರ ಪ್ರಾಕೃತದಲ್ಲಿ ‘ವಇರ’ವಾಗಿ ಮೆತ್ತಗಾಗಿ, ತಮಿಳಿನ ‘ವೈರಂ’ ಆದದ್ದು. ಕನ್ನಡದ ತದ್ಭವವೇ ಬೇಕೆಂದು ಹಟ ಹಿಡಿದಿದ್ದರೆ ‘ಬಜ್ಜರಮುಡಿ’ ಎನ್ನಬೇಕಿತ್ತು. ಸದ್ಯ, ಶ್ರೀವೈಷ್ಣವರ ತಮಿಳು ನಮ್ಮನ್ನು ಕಾಪಾಡಿತು! ಸ್ಥಳಪುರಾಣ ಬೇರೆಯೇ ವ್ಯುತ್ಪತ್ತಿ ಹೇಳುತ್ತದೆ: ಅಸುರ ವಿರೋಚನ ಕದ್ದೊಯ್ದ ಕಿರೀಟವನ್ನು ಮರಳಿ ತಂದವನು ಗರುಡ, ಅಂದರೆ ವೈನತೇಯ, ಹಾಗಾಗಿ ಅದು ವೈನಮುಡಿ. ಭಾಷಾಶಾಸ್ತ್ರ ಒಪ್ಪಲಿಕ್ಕಿಲ್ಲ. ಆದರೆ ಉತ್ಸವದ ರಾತ್ರಿ ಸ್ವಾಮಿ ಈ ಮುಡಿ ಧರಿಸಿ ಗರುಡನನ್ನೇ ಏರಿ ಬರುವುದನ್ನು ಕಂಡವರಿಗೆ ಭಾಷಾಶಾಸ್ತ್ರ ಯಾಕೆ ಬೇಕು?

ಅಲ್ಲಿ ಇನ್ನೂ ಎರಡು ಮುಡಿಗಳಿವೆ. ರಾಜಮುಡಿ ರಾಜ ಒಡೆಯರ ಕೊಡುಗೆ, ಕೃಷ್ಣರಾಜಮುಡಿ ಮುಮ್ಮಡಿ ಕೃಷ್ಣರಾಜ ಒಡೆಯರದು. ಹಳೆ ಮೈಸೂರಿನ ಕಡೆ ರಾಜಮುಡಿ ಎಂದರೆ ಮೊದಲು ನೆನಪಾಗುವುದು ಅನ್ನ. ಕೆಂಪು ಛಾಯೆಯ ಆ ಅಕ್ಕಿಗೂ ಅದೇ ಹೆಸರು.

ವೈರಮುಡಿ ವರ್ಷವಿಡೀ ಇರುವುದು ಸರ್ಕಾರಿ ಖಜಾನೆಯಲ್ಲಿ. ಫಾಲ್ಗುಣದ ಉತ್ಸವದ ದಿನ ಮಂಡ್ಯದಿಂದ ಪೊಲೀಸರ ಕಾವಲಿನಲ್ಲಿ ಹೊರಟು, ದಾರಿಯ ಊರುಗಳಲ್ಲಿ ಪೂಜೆ ಪಡೆಯುತ್ತ ಬೆಟ್ಟ ಹತ್ತುತ್ತದೆ. ಹಗಲ ಬೆಳಕು ಅದರ ಮೇಲೆ ಬೀಳಬಾರದೆಂಬ ನಂಬಿಕೆ. ಅರ್ಚಕರು ರೇಷ್ಮೆ ವಸ್ತ್ರದಿಂದ ತಮ್ಮ ಕಣ್ಣು ಕಟ್ಟಿಕೊಂಡು ಅದನ್ನು ಸ್ವಾಮಿಗೆ ತೊಡಿಸುವುದು ವಾಡಿಕೆ. ವಜ್ರದ ಹೊಳಪು ಮೊದಲು ತಾಗುವುದು ಬೆರಳಿಗೆ. ಕನ್ನಡಿಯಿಲ್ಲದೆ, ಬೆನ್ನ ಹಿಂದೆ ಕೈ ಮಾಡಿ ಜಡೆಗೆ ಹೂ ಮುಡಿಯುವ ಹೆಂಗಸರ ಬೆರಳೂ ಹೀಗೆಯೇ ಕಾಣುತ್ತದೆ.

ದೀವಟಿಗೆಯ ಬೆಳಕಿನಲ್ಲಿ ಬೀದಿ ಸುತ್ತಿ ಬಂದ ಮೇಲೆ ವೈರಮುಡಿಯನ್ನು ಇಳಿಸಿ ರಾಜಮುಡಿ ತೊಡಿಸುತ್ತಾರೆ. ಬೆಳಕು ಹರಿಯುವ ಮುನ್ನ ವಜ್ರಗಳು ಪೆಟ್ಟಿಗೆ ಸೇರುತ್ತವೆ, ರಾತ್ರಿ ಮುಡಿದ ಹೂವನ್ನು ತೆಗೆದಿಟ್ಟಂತೆ.