ಹುಲ್ಲುಗಾವಲಿನ ಬೆಂಕಿಗೆ ಎಷ್ಟು ಸಾಕ್ಷಿಗಳು?

ಎಡ್ವರ್ಡ್ ಆ್ಯಬಿಯ ‘ಫೈರ್ ಆನ್ ದಿ ಮೌಂಟನ್’ ಓದಿದವರು ಸಾಮಾನ್ಯವಾಗಿ ಮುದುಕ ಜಾನ್ ವೊಗೆಲಿನ್‌ನ ಪಕ್ಷ ವಹಿಸುತ್ತಾರೆ. ಮೊದಲ ಓದಿನಲ್ಲಿ ನಾನೂ ವಹಿಸಿದ್ದೆ. 1962ರಲ್ಲಿ ಬಂದ ಈ ಪುಟ್ಟ ಕಾದಂಬರಿ ನಡೆಯುವುದು ಅಮೆರಿಕದ ನ್ಯೂ ಮೆಕ್ಸಿಕೋದ ಒಣಬಯಲಿನಲ್ಲಿ. ಕ್ಷಿಪಣಿ ಪರೀಕ್ಷೆಯ ಪ್ರದೇಶವನ್ನು ವಿಸ್ತರಿಸಲು ಸರ್ಕಾರಕ್ಕೆ ಮುದುಕನ ಜಮೀನು ಬೇಕು. ಪರಿಹಾರ ಕೊಡುತ್ತೇವೆ ಅನ್ನುತ್ತದೆ; ಮುದುಕ ಒಲ್ಲೆ ಅನ್ನುತ್ತಾನೆ. ರಜೆಗೆಂದು ತಾತನ ಬಳಿ ಬಂದ ಹನ್ನೆರಡು ವರ್ಷದ ಬಿಲ್ಲಿ ಇದನ್ನೆಲ್ಲ ನೋಡಿ ನಮಗೆ ಹೇಳುತ್ತಾನೆ. ಕೊನೆಗೆ ತಾತ ಬೆಟ್ಟದ ಮೇಲಿನ ಗುಡಿಸಲಲ್ಲಿ ಸಾಯುತ್ತಾನೆ. ಆ ಗುಡಿಸಲೇ ಅವನ ಚಿತೆಯಾಗುತ್ತದೆ.

ಕಾದಂಬರಿಯ ಬಲವಿರುವುದು ಈ ಹುಡುಗನ ಕಣ್ಣಿನಲ್ಲಿ. ಕುದುರೆಯ ಬೆವರು, ಬಿಸಿಲು, ತಾತನ ಮೌನ ಎಲ್ಲವೂ ಪ್ರೀತಿಯಲ್ಲಿ ಅದ್ದಿ ಬರುತ್ತವೆ. ದೌರ್ಬಲ್ಯವೂ ಅಲ್ಲೇ ಇದೆ. ಪ್ರೀತಿಸುವ ಮೊಮ್ಮಗ ಕಥೆ ಹೇಳುವಾಗ ಲೋಕದಲ್ಲಿ ಇಬ್ಬರೇ ಉಳಿಯುತ್ತಾರೆ: ತಾತ ಮತ್ತು ಅವನ ಮೇಲೆ ಬಿದ್ದ ಸರ್ಕಾರ.

ಕೆಲವು ವರ್ಷಗಳ ನಂತರ ಇನ್ನೊಬ್ಬ ಹುಡುಗ ಎದುರಾದ. ಈತ ಇದ್ದದ್ದು ಕಾದಂಬರಿಯಲ್ಲಲ್ಲ, ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದರ 2014ರ ತೀರ್ಪಿನಲ್ಲಿ.

ಪ್ರಕರಣ ಆರೆಗನ್ ರಾಜ್ಯದ ಹಾರ್ನಿ ಕೌಂಟಿಯದು. ಡ್ವೈಟ್ ಹ್ಯಾಮಂಡ್ ಮತ್ತು ಮಗ ಸ್ಟೀವನ್ ಅಲ್ಲಿನ ರ್‍ಯಾಂಚರ್‌ಗಳು. ಈ ಪದವನ್ನು ‘ದನಗಾಹಿ’ ಎಂದು ಕನ್ನಡಿಸಿದರೆ ತಪ್ಪಾಗುತ್ತದೆ. ನಮ್ಮ ದನಗಾಹಿ ಬೇರೆಯವರ ದನ ಮೇಯಿಸುವ ಬಡವ. ರ್‍ಯಾಂಚರ್ ಜಮೀನು, ಮಂದೆ ಎರಡೂ ಇರುವ ಒಡೆಯ. ಅವನ ದನಗಳು ಮೇಯುವ ಸರ್ಕಾರಿ ಬಯಲನ್ನು ‘ಗೋಮಾಳ’ ಅನ್ನಲೂ ಆಗದು. ಗೋಮಾಳ ಇಡೀ ಊರಿನ ದನಕ್ಕೆ. ಅಲ್ಲಿ ಮೇವಿನ ಪರವಾನಗಿ ಸಿಗುವುದು ನಿರ್ದಿಷ್ಟ ರ್‍ಯಾಂಚಿಗೆ. 2015ರಲ್ಲಿ ಕರುವಿನೊಡನೆ ಒಂದು ಹಸು ತಿಂಗಳು ಮೇಯಲು ಶುಲ್ಕ 1.69 ಡಾಲರ್ ಇತ್ತು. ಈ ಪರವಾನಗಿಯಿಂದ ಭೂಮಿಯ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂದು 1934ರ ಟೇಲರ್ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಆದರೆ ತಲೆಮಾರುಗಟ್ಟಲೆ ಮೇಯಿಸಿದವರಿಗೆ ಅದು ತಮ್ಮದೇ ಅನ್ನಿಸುವುದೂ ಸಹಜ. ಜಗಳ ಹುಟ್ಟುವುದು ಈ ಅಂತರದಲ್ಲಿ.

2001ರಲ್ಲಿ ಹ್ಯಾಮಂಡರು ಹಚ್ಚಿದ ಬೆಂಕಿ 139 ಎಕರೆ ಸರ್ಕಾರಿ ಬಯಲನ್ನು ಸುಟ್ಟಿತು. ನಮ್ಮ ಜಮೀನಿನ ಕಳೆ ಸುಡಲು ಹಚ್ಚಿದ್ದು, ದಾಟಿ ಹೋಯಿತು ಎಂದರು ಅವರು. ಅಕ್ರಮ ಬೇಟೆಯ ಗುರುತು ಅಳಿಸಲು ಹಚ್ಚಿದ್ದು ಎಂದಿತು ಸರ್ಕಾರ. 2006ರಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ ತಮ್ಮ ಚಳಿಗಾಲದ ಮೇವಿನತ್ತ ಬರದಂತೆ ಸ್ಟೀವನ್ ಎದುರುಬೆಂಕಿ ಕೊಟ್ಟ. ಆಗ ಬೆಂಕಿ ಹಚ್ಚುವುದಕ್ಕೆ ನಿಷೇಧವಿತ್ತು, ಅಗ್ನಿಶಾಮಕ ಸಿಬ್ಬಂದಿ ಸಮೀಪದಲ್ಲೇ ಇದ್ದರು. ಸುಟ್ಟ ಸರ್ಕಾರಿ ಭೂಮಿ ಸುಮಾರು ಒಂದು ಎಕರೆ. 2012ರಲ್ಲಿ ಜ್ಯೂರಿ ಮೊದಲ ಬೆಂಕಿಗೆ ಇಬ್ಬರನ್ನೂ, ಎರಡನೆಯದಕ್ಕೆ ಸ್ಟೀವನ್‌ನನ್ನೂ ಅಪರಾಧಿ ಎಂದಿತು.

ತೀರ್ಪಿನಲ್ಲಿ ಸಿಗುವ ಹುಡುಗ ಈ ಮೊದಲ ಬೆಂಕಿಯ ಸಾಕ್ಷಿ. ಹದಿಹರೆಯದ ಸಂಬಂಧಿಕ. ಉರಿಯುವ ಕಡ್ಡಿಗಳನ್ನು ನೆಲಕ್ಕೆ ಹಾಕುತ್ತ ಹೋಗು ಎಂದು ಸ್ಟೀವನ್ ಹೇಳಿದ, ತಾನು ಹಾಗೇ ಮಾಡಿದೆ ಎಂದು ಅವನು ನುಡಿದ. ಜ್ವಾಲೆ ಎಂಟು ಹತ್ತು ಅಡಿ ಎದ್ದು, ಅವನು ಹಳ್ಳವೊಂದರಲ್ಲಿ ಅಡಗಿ ಜೀವ ಉಳಿಸಿಕೊಳ್ಳಬೇಕಾಯಿತು. ಆ್ಯಬಿಯ ಬಿಲ್ಲಿಯೂ ಈ ಹುಡುಗನೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಒಂದೇ ಬಗೆಯ ಮನೆಯವರು. ಒಬ್ಬ ಪ್ರೀತಿಯಿಂದ ಹೇಳಿದ್ದು ಕಾದಂಬರಿಯಾಯಿತು. ಇನ್ನೊಬ್ಬ ಪ್ರಮಾಣ ಮಾಡಿ ಹೇಳಿದ್ದು ಸಾಕ್ಷ್ಯವಾಯಿತು. ರ್‍ಯಾಂಚಿನ ಬದುಕನ್ನು ಅರಿಯಲು ಎರಡೂ ಬೇಕು.

ಈಗ ಶಿಕ್ಷೆಯ ಮಾತು. 1995ರಲ್ಲಿ ಒಕ್ಲಹೋಮ ನಗರದ ಸರ್ಕಾರಿ ಕಟ್ಟಡವನ್ನು ಬಾಂಬಿಟ್ಟು ಕೆಡವಿದ ಮೇಲೆ, 1996ರಲ್ಲಿ ಭಯೋತ್ಪಾದನೆ ತಡೆಯ ಕಾಯ್ದೆ ಬಂತು. ಸರ್ಕಾರಿ ಸ್ವತ್ತಿಗೆ ಬೆಂಕಿಯಿಟ್ಟವರಿಗೆ ಕನಿಷ್ಠ ಐದು ವರ್ಷ ಸೆರೆ ಎಂಬ ನಿಯಮ ಅದರಿಂದ ಬಂದದ್ದು. ನ್ಯಾಯಾಧೀಶ ಮೈಕೇಲ್ ಹೋಗನ್, ಕುರುಚಲು ಬಯಲಿನ ಬೆಂಕಿಗೆ ಐದು ವರ್ಷ ಕೊಡುವುದು ತನ್ನ ಆತ್ಮಸಾಕ್ಷಿಗೆ ಒಗ್ಗದು ಎಂದು ತಂದೆಗೆ ಮೂರು ತಿಂಗಳು, ಮಗನಿಗೆ ಒಂದು ವರ್ಷ ಒಂದು ದಿನ ಕೊಟ್ಟರು. ಸರ್ಕಾರ ಮೇಲ್ಮನವಿ ಹೋಯಿತು. ಕನಿಷ್ಠ ಎಂದರೆ ಕನಿಷ್ಠವೇ, ನ್ಯಾಯಾಧೀಶರಿಗೆ ಅಲ್ಲಿ ವಿವೇಚನೆ ಇಲ್ಲ ಎಂದಿತು ಮೇಲಿನ ಕೋರ್ಟು. ಮೊದಲ ಶಿಕ್ಷೆ ಮುಗಿಸಿ ಮನೆ ಸೇರಿದ್ದ ತಂದೆ ಮಗ 2016ರ ಜನವರಿ 4ರಂದು ಮತ್ತೆ ಜೈಲಿಗೆ ಹೋದರು.

ಆ ತೀರ್ಪಿನಲ್ಲಿ ನಾನು ತಡೆದು ನಿಂತ ಜಾಗ ಒಂದಿದೆ. ಐದು ವರ್ಷ ಅತಿಯಲ್ಲ ಎಂದು ತೋರಿಸಲು ಕೋರ್ಟು ಹಳೆಯ ಪ್ರಕರಣಗಳನ್ನು ನೆನೆಯುತ್ತದೆ. ಮೂರು ಗಾಲ್ಫ್ ಕೋಲು ಕದ್ದವನಿಗೆ 25 ವರ್ಷದಿಂದ ಜೀವಾವಧಿ. ಒಂಬತ್ತು ವಿಡಿಯೋ ಕ್ಯಾಸೆಟ್ ಕದ್ದವನಿಗೆ 50 ವರ್ಷದಿಂದ ಜೀವಾವಧಿ. ಇಬ್ಬರ ಮೇಲೂ ಹಳೆಯ ಅಪರಾಧಗಳಿದ್ದವು, ಮತ್ತೆ ಮತ್ತೆ ತಪ್ಪು ಮಾಡುವವರಿಗೆಂದೇ ಮಾಡಿದ ಕ್ಯಾಲಿಫೋರ್ನಿಯಾದ ಕಾನೂನು ಅವರ ಮೇಲೆ ಬಿತ್ತು. ಇವೆಲ್ಲ ಸಂವಿಧಾನಕ್ಕೆ ಒಪ್ಪಿತವಾಗಿರುವಾಗ ಐದು ವರ್ಷ ಯಾವ ಲೆಕ್ಕ ಎಂಬುದು ತರ್ಕ. ಒಂದು ಕ್ರೌರ್ಯವನ್ನು ಅಳೆಯಲು ಅದಕ್ಕಿಂತ ದೊಡ್ಡ ಕ್ರೌರ್ಯವೇ ಅಳತೆಗೋಲಾಗಿದೆ.

ಈ ಪ್ರಶ್ನೆ ಎತ್ತಿಕೊಳ್ಳುವವರಿದ್ದರೆ ಗಾಲ್ಫ್ ಕೋಲಿನ ಕಳ್ಳನೂ ರ್‍ಯಾಂಚರನೂ ಒಂದೇ ಪಕ್ಷದವರಾಗುತ್ತಿದ್ದರು. ಹಾಗಾಗಲಿಲ್ಲ. ಅದೇ ಜನವರಿ 2ರಂದು ಆ್ಯಮನ್ ಬಂಡಿಯ ನೇತೃತ್ವದ ಬಂದೂಕುಧಾರಿಗಳು ಹತ್ತಿರದ ಮಾಲ್ಹೂರ್ ಪಕ್ಷಿಧಾಮದ ಕಚೇರಿಯನ್ನು ಹಿಡಿದುಕೊಂಡರು. ಇವರು ನಮ್ಮ ಪರವಾಗಿ ಮಾತಾಡುವವರಲ್ಲ ಎಂದು ಹ್ಯಾಮಂಡರ ವಕೀಲರೇ ಹೇಳಿದ್ದರು. 41 ದಿನ ನಡೆದ ಹಿಡಿತದಲ್ಲಿ ಲವಾಯ್ ಫಿನಿಕಮ್ ಎಂಬಾತ ಪೊಲೀಸರ ಗುಂಡಿಗೆ ಸತ್ತ. ಶಿಕ್ಷೆಯ ಪ್ರಶ್ನೆ ಹಿಂದೆ ಸರಿದು, ಈ ಭೂಮಿಯನ್ನು ಜನರಿಗೆ ‘ಹಿಂತಿರುಗಿಸಿ’ ಎಂಬ ಕೂಗು ಮುಂದೆ ಬಂತು.

ಹಿಂತಿರುಗಿಸುವುದು ಯಾರಿಗೆ? ಇಲ್ಲಿ ಮೂರನೆಯ ಪುಸ್ತಕವೊಂದನ್ನು ತೆರೆಯಬೇಕು. ಸಾರಾ ವಿನಮುಕ್ಕ ಎಂಬ ಪಾಯೂಟ್ ಹೆಣ್ಣುಮಗಳು 1883ರಲ್ಲಿ ಪ್ರಕಟಿಸಿದ ‘ಲೈಫ್ ಅಮಂಗ್ ದಿ ಪಾಯೂಟ್ಸ್’. ಈ ಸೀಮೆಯಲ್ಲೇ 1872ರಲ್ಲಿ ಪಾಯೂಟರಿಗೆಂದು ಮಾಲ್ಹೂರ್ ಮೀಸಲು ಪ್ರದೇಶ ಮಾಡಲಾಗಿತ್ತು. ಸಾರಾ ಅಲ್ಲಿ ದುಭಾಷಿ. ರೈನ್‌ಹಾರ್ಟ್ ಎಂಬ ಹೊಸ ಅಧಿಕಾರಿ ಬಂದು, ನೀವು ನಿಂತಿರುವ ನೆಲ ಸರ್ಕಾರದ್ದು ಎಂದು ಹೇಳುವ ಪ್ರಸಂಗ ಅದರಲ್ಲಿದೆ. ಹಾಗಾದರೆ ನಮ್ಮನ್ನು ಓಡಿಸಲು ಬಂದಿರಾ ಎಂಬರ್ಥದಲ್ಲಿ ಮುಖಂಡ ಈಗನ್ ಕೇಳುತ್ತಾನೆ. ಎರಡೂ ಮಾತು ಅನುವಾದವಾಗಿ ದಾಟುವುದು ಸಾರಾಳ ಬಾಯಿಂದ. 1878ರ ಬ್ಯಾನಕ್ ಯುದ್ಧದ ನಂತರ, ಮರುವರ್ಷದ ಜನವರಿಯಲ್ಲಿ ಪಾಯೂಟರನ್ನು ಹಿಮದಲ್ಲಿ ದೂರದ ಯಾಕಿಮಾಕ್ಕೆ ಅಟ್ಟಲಾಯಿತು. ಆಮೇಲೆ ಮೀಸಲು ಭೂಮಿ ಬಿಳಿಯರ ವಸತಿಗೆ ತೆರೆಯಿತು.

ಸಾರಾ ಸರಳ ನಾಯಕಿಯಲ್ಲ. ಅವಳು ಸೈನ್ಯಕ್ಕೂ ದುಭಾಷಿಯಾಗಿದ್ದಳು. ಒಳ್ಳೆಯ ಅಧಿಕಾರಿ ಬಂದರೆ ಎಲ್ಲ ಸರಿಹೋದೀತೆಂಬ ನಂಬಿಕೆ ಅವಳನ್ನು ಪೂರ್ತಿ ಬಿಡುವುದಿಲ್ಲ. ಆದರೂ ಅವಳ ಪುಸ್ತಕ ಓದಿದ ಮೇಲೆ, ಇದು ಸರ್ಕಾರ ಮತ್ತು ರ್‍ಯಾಂಚರ್ ಇಬ್ಬರದೇ ಕಥೆ ಎಂದು ನಂಬಲಾಗದು.

ಆ್ಯಬಿಗೂ ಇದು ಗೊತ್ತಿತ್ತು. ಈ ನೆಲ ಅಪಾಚೆಗಳದಾಗಿತ್ತು, ನಿನ್ನಪ್ಪನಂಥವರು ಅವರಿಂದ ಕದ್ದರು, ಈಗ ಸರ್ಕಾರ ನಿನ್ನಿಂದ ಕದಿಯುತ್ತಿದೆ ಎಂದು ವೊಗೆಲಿನ್‌ಗೆ ಗೆಳೆಯ ಲೀ ಹೇಳುತ್ತಾನೆ. ಕಾದಂಬರಿಯ ಅತ್ಯಂತ ಪ್ರಾಮಾಣಿಕ ಮಾತು ಅದು. ಆದರೆ ಹೇಳಿ ಮುಗಿಸಿದೊಡನೆ ಕಥೆ ತಾತನ ಕಡೆಗೇ ತಿರುಗುತ್ತದೆ.

2018ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಹ್ಯಾಮಂಡರಿಗೆ ಕ್ಷಮಾದಾನ ಕೊಟ್ಟರು. ಇಬ್ಬರು ಮನೆಗೆ ಬಂದರು, ಐದು ವರ್ಷದ ಕನಿಷ್ಠ ಶಿಕ್ಷೆ ಕಾನೂನಿನಲ್ಲಿ ಹಾಗೇ ಉಳಿಯಿತು. ಅವರಿಗಾದ ಶಿಕ್ಷೆ ಅತಿಯಾಯಿತು ಎಂದು ನಾನು ಒಪ್ಪುತ್ತೇನೆ. ಅದರಿಂದ ಭೂಮಿ ಅವರದಾಗುವುದಿಲ್ಲ ಎಂದೂ ಒಪ್ಪುತ್ತೇನೆ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವ ಕಾದಂಬರಿ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಯಾರಾದರೂ ಬರೆದರೆ ಅದು ಬೆಟ್ಟದ ಮೇಲಿನ ಚಿತೆಯಿಂದಲ್ಲ, ಹಳ್ಳದಲ್ಲಿ ಅಡಗಿ ಕೂತ ಆ ಹುಡುಗನಿಂದ ಶುರುವಾಗಲಿ.